ಕೊಪ್ಪಳದ ಬಿಸಿಲಿಗೆ ಯಾವ ಗೋಡೆ ಒಳ್ಳೆಯದು? ಮೊದಲು ತಲೆ ಮೇಲಿನ ಸ್ಲ್ಯಾಬ್ ನೋಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕೊಪ್ಪಳದ ಹತ್ತಿರ ಅಪ್ಪ ಅಮ್ಮನಿಗೆ ಒಂದು ಮನೆ ಕಟ್ಟಿಸಬೇಕು. 30-40ರ ಸೈಟು, ರಸ್ತೆ ಪಶ್ಚಿಮಕ್ಕಿದೆ, ಎರಡೂ ಪಕ್ಕದಲ್ಲಿ ಮನೆಗಳು ಬಂದಿವೆ. ಎರೆಮಣ್ಣಿನ ನೆಲ. ಸದ್ಯಕ್ಕೆ ನೆಲ ಅಂತಸ್ತು ಮಾತ್ರ, ಮುಂದೆ ಮೇಲೊಂದು ರೂಮು. ವಿಡಿಯೋಗಳಲ್ಲಿ ಮಣ್ಣಿನ ಇಟ್ಟಿಗೆ ಮನೆ ತೋರಿಸಿ "ಫ್ಯಾನೇ ಬೇಕಾಗಿಲ್ಲ" ಅಂತಾರೆ. ನಮ್ಮ ಗೌಂಡಿ "ಮಣ್ಣಿನ ಮನೆ ಸೋರುತ್ತೆ, ಗೆದ್ದಲು ಹಿಡಿಯುತ್ತೆ" ಅಂತಾರೆ. ಎಂಜಿನಿಯರ್ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್) ಹಾಕಿ ಅಂತಾರೆ. ಅಪ್ಪ ಮಾತ್ರ "ನಮ್ಮ ಹಳೇ ಮಾಳಿಗಿ ಮನಿ ಎಷ್ಟ್ ತಂಪಿತ್ತು, ಹಂಗ ಕಟ್ಟಸು" ಅಂತ ಒಂದೇ ಹಟ. ಅಮ್ಮನಿಗೆ ಬಿಪಿ ಇದೆ, ಬೇಸಿಗೆ ತಡೆಯುವುದಿಲ್ಲ. ಎಸಿ ಇಬ್ಬರಿಗೂ ಇಷ್ಟವಿಲ್ಲ. ಯಾರ ಮಾತು ಕೇಳಲಿ? ಸೋಲಾರ್ ಹಾಕಿಸಿದರೆ ಸಾಕಾ?

ಉತ್ತರ: ನೀವು ಕೇಳಿರುವುದು ಇಟ್ಟಿಗೆಯ ಬಗ್ಗೆ. ಆದರೆ ನಿಮ್ಮ ನಿಜವಾದ ಚಿಂತೆ ಏಪ್ರಿಲ್-ಮೇ ತಿಂಗಳಲ್ಲಿ ಅಮ್ಮ ಆ ಮನೆಯಲ್ಲಿ ಹೇಗಿರುತ್ತಾರೆ ಅನ್ನುವುದು, ಅಲ್ವಾ? ಅದನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಆಗ ಗೋಡೆಯ ಪ್ರಶ್ನೆ ಮೊದಲನೆಯದಾಗಿ ಬರುವುದಿಲ್ಲ, ಮೂರನೆಯದಾಗಿ ಬರುತ್ತದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಯಾವ ಇಟ್ಟಿಗೆ ಅಂತ ತಿಂಗಳುಗಟ್ಟಲೆ ಯೋಚಿಸಿರುತ್ತಾರೆ. ಚಾವಣಿಗೆ ಏನು ಮಾಡ್ತೀರಿ ಅಂತ ಕೇಳಿದರೆ "ಸ್ಲ್ಯಾಬ್, ಮತ್ತೇನು?" ಅಂತಾರೆ. ಬಿಸಿಲಿನ ಊರಲ್ಲಿ ಮನೆ ಕೆಡುವುದು ಅಲ್ಲೇ.

ಸ್ವಲ್ಪ ಲೆಕ್ಕ ಹಾಕೋಣ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬದ ನೆರಳು ಬುಡದಲ್ಲೇ ಮಾಯವಾಗುತ್ತದೆ. ಅಂದರೆ ಸೆಕೆ ಅತಿ ಜಾಸ್ತಿ ಇರುವ ದಿನಗಳಲ್ಲೇ ಬಿಸಿಲು ನೇರವಾಗಿ ಸ್ಲ್ಯಾಬಿಗೆ ಬೀಳುತ್ತದೆ. ನಿಮ್ಮ ಸೈಟಿನಲ್ಲಿ ಸುತ್ತ ಜಾಗ ಬಿಟ್ಟರೆ ಮನೆ ಸುಮಾರು 24 ಅಡಿಗೆ 34 ಅಡಿ ಆಗಬಹುದು. ಚಾವಣಿ ಸುಮಾರು 800 ಚದರ ಅಡಿ. ಉತ್ತರ ದಕ್ಷಿಣದ ಗೋಡೆಗಳಿಗೆ ಪಕ್ಕದ ಮನೆಗಳ ನೆರಳಿದೆ. ಬಿಸಿಲು ತಿನ್ನುವ ಪಶ್ಚಿಮದ ಗೋಡೆ 24 ಅಡಿ ಅಗಲ, 10 ಅಡಿ ಎತ್ತರ, ಅಂದರೆ 240 ಚದರ ಅಡಿ. ಪೂರ್ವದ್ದೂ ಅಷ್ಟೇ, ಆದರೆ ಅಲ್ಲಿ ಬೆಳಗಿನ ಬಿಸಿಲು. ಚಾವಣಿಗೆ ಏನೂ ಮಾಡದೆ ನಾಲ್ಕೂ ಗೋಡೆಗೆ ದುಬಾರಿ ಬ್ಲಾಕ್ ಹಾಕಿಸಿದರೆ ಹಣ ಸುಮ್ನೆ ಖರ್ಚಾಗುತ್ತದೆ.

ಬರಿ ಸ್ಲ್ಯಾಬ್ ಮಧ್ಯಾಹ್ನ 55-60 ಡಿಗ್ರಿಗೆ ಕಾಯುತ್ತದೆ. 5 ಇಂಚಿನ ಕಾಂಕ್ರೀಟ್ ದಾಟಿ ಆ ಶಾಖ ಒಳಗೆ ಇಳಿಯಲು ಮೂರು ನಾಲ್ಕು ಗಂಟೆ ಬೇಕು. ಅದಕ್ಕೇ ಸಂಜೆ ಐದಕ್ಕೆ ಹೊರಗೆ ಗಾಳಿ ತಣ್ಣಗಾಗುತ್ತಿದ್ದರೂ ಒಳಗೆ ಫ್ಯಾನ್ ಬಿಸಿ ಗಾಳಿ ಬೀಸುತ್ತದೆ. ರಾತ್ರಿ ಹತ್ತಾದರೂ ಚಾವಣಿ ಆರಿರುವುದಿಲ್ಲ. ನಿಮ್ಮ ಅಮ್ಮನಿಗೆ ಕಷ್ಟ ಕೊಡುವುದು ಈ ಹೊತ್ತು.

ಈಗ ಅಪ್ಪನ ಮಾತಿಗೆ ಬರೋಣ. ಅವರು ಹೇಳುವುದು ಸುಳ್ಳಲ್ಲ. ಮಾಳಿಗೆ ಮನೆಯ ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಒಂದಡಿ ದಪ್ಪಕ್ಕೆ ಮಣ್ಣು ಇರುತ್ತಿತ್ತು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದರಿಂದ ಬಿಸಿಲಿಗೆ ಸಿಗುತ್ತಿದ್ದುದು ಮುಂದಿನ ಗೋಡೆ ಮತ್ತು ಮಾಳಿಗೆ ಮಾತ್ರ. ಮಧ್ಯಾಹ್ನದ ಶಾಖ ಒಳಗೆ ಮುಟ್ಟುವಷ್ಟರಲ್ಲಿ ರಾತ್ರಿ ಆಗಿರುತ್ತಿತ್ತು. ರಾತ್ರಿ ಯಾರೂ ಒಳಗೆ ಮಲಗುತ್ತಿರಲಿಲ್ಲ! ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೋ ಅಂಗಳದಲ್ಲೋ ಹಾಸಿಗೆ ಹಾಸುತ್ತಿದ್ದರು. ಆ ಮನೆ ತಂಪಾಗಿತ್ತು ಅನ್ನುವುದರಲ್ಲಿ ಆ ಬದುಕಿನ ಕ್ರಮವೂ ಸೇರಿದೆ. ಅಪ್ಪನನ್ನೇ ಕೇಳಿ ನೋಡಿ. ಈಗ ಅವರು ಸೊಳ್ಳೆ, ಕಳ್ಳತನದ ಭಯಕ್ಕೆ ಒಳಗೇ ಮಲಗುವವರಾದರೆ ಹಳೇ ಮನೆಯನ್ನು ಹಾಗೇ ನಕಲು ಮಾಡಿದರೆ ಪೂರ್ತಿ ಫಲ ಸಿಗುವುದಿಲ್ಲ. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿಯಬೇಕು. ಆ ಕೆಲಸದ ಆಳುಗಳೂ ಈಗ ಸಿಗುವುದು ಕಷ್ಟ. ಅಪ್ಪನ ಮಾತಿನಿಂದ ತೆಗೆದುಕೊಳ್ಳಬೇಕಾದ್ದು ಎರಡು ವಿಷಯ: ತಲೆ ಮೇಲೆ ಶಾಖ ತಡೆಯುವ ದಪ್ಪ ಪದರ ಬೇಕು, ರಾತ್ರಿ ಮಲಗಲು ಗಾಳಿಯ ಜಾಗ ಬೇಕು.

"ಫ್ಯಾನೇ ಬೇಡ" ಅನ್ನುವ ಮಾತನ್ನು ಮಾತ್ರ ತಲೆಯಿಂದ ತೆಗೆದುಹಾಕಿ. ಹೊರಗೆ 40 ಡಿಗ್ರಿ ಇರುವಾಗ ಯಾವ ಗೋಡೆಯೂ ಆ ಕೆಲಸ ಮಾಡುವುದಿಲ್ಲ. ಚೆನ್ನಾಗಿ ಕಟ್ಟಿದ ಮನೆಯಲ್ಲಿ ಮಧ್ಯಾಹ್ನ ಒಳಗೆ ಹೊರಗಿಗಿಂತ ಕೆಲವು ಡಿಗ್ರಿ ಕಡಿಮೆ ಇರುತ್ತದೆ, ಗೋಡೆ-ಚಾವಣಿ ಮೈಗೆ ಶಾಖ ಉಗುಳುವುದಿಲ್ಲ, ಒಂದು ಫ್ಯಾನಿನಲ್ಲಿ ನೆಮ್ಮದಿಯಾಗಿ ಇರಬಹುದು. ಎಸಿ ಇಲ್ಲದೆ ಬೇಸಿಗೆ ಕಳೆಯಲು ಅಷ್ಟು ಸಾಕು.

ಹಾಗಾದರೆ ಚಾವಣಿಗೆ ಏನು ಮಾಡಬೇಕು? ಮನೆಗಳಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ 'ಇಕೋ ನಿವಾಸ್ ಸಂಹಿತೆ' ಅಂತ ಒಂದು ಸಂಹಿತೆ ತಂದಿದೆ. ಅದು ದೊಡ್ಡ ಸೈಟುಗಳ ಕಟ್ಟಡಕ್ಕೆ ಮಾಡಿದ್ದು, ನಿಮ್ಮ ಸೈಟಿಗೆ ಅನ್ವಯಿಸುವುದಿಲ್ಲ. ಆದರೂ ಅದರ ಅಳತೆಗೋಲು ನಮಗೆ ಉಪಯೋಗಕ್ಕೆ ಬರುತ್ತದೆ. ಒಂದು ಚದರ ಮೀಟರ್ ಚಾವಣಿ ಅಥವಾ ಗೋಡೆಯ ಎರಡು ಬದಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಎಷ್ಟು ವಾಟ್ ಶಾಖ ದಾಟುತ್ತದೆ ಅನ್ನುವುದೇ ಯು-ವ್ಯಾಲ್ಯೂ. ಕಡಿಮೆ ಇದ್ದಷ್ಟೂ ಒಳ್ಳೆಯದು. ಚಾವಣಿಗೆ ಅದು 1.2 ದಾಟಬಾರದು ಅನ್ನುತ್ತದೆ ಸಂಹಿತೆ. ಬರಿ ಆರ್‌ಸಿಸಿ ಸ್ಲ್ಯಾಬಿನದು 3ರಿಂದ 4ರ ನಡುವೆ ಇರುತ್ತದೆ. ಅದರ ಮೇಲೆ 40-50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಹಾಸಿದರೆ 0.6ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಐದಾರು ಪಟ್ಟು ಕಡಿಮೆ ಶಾಖ. ಯಾವ ಗೋಡೆ ಬದಲಿಸಿದರೂ ಇಷ್ಟು ದೊಡ್ಡ ಲಾಭ ಸಿಗುವುದಿಲ್ಲ.

ಹಾಕುವ ಕ್ರಮ ಮುಖ್ಯ. ಸ್ಲ್ಯಾಬ್, ಅದರ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ, ಮೇಲೆ ಇಳಿಜಾರು ಕೊಟ್ಟ ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ ಚೂರು ಅಥವಾ ಬಿಳಿ ಬಣ್ಣ. ಪ್ಯಾಕಿಂಗ್‌ಗೆ ಬರುವ ಹಗುರ ಥರ್ಮಾಕೋಲ್ ಹಾಕಿ ಕೆಲಸ ಮುಗಿಸುವವರಿದ್ದಾರೆ. ಅದು ತುಳಿತಕ್ಕೆ ಕುಸಿಯುತ್ತದೆ, ಮೇಲಿನ ಕಾಂಕ್ರೀಟ್ ಬಿರುಕು ಬಿಡುತ್ತದೆ, ನೀರು ಒಳಗೆ ಸೇರಿಕೊಳ್ಳುತ್ತದೆ. ಹಲಗೆಯ ಸಾಂದ್ರತೆ ಘನ ಮೀಟರಿಗೆ 30 ಕೆಜಿಗಿಂತ ಜಾಸ್ತಿ ಇದೆಯೇ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಎಕ್ಸ್‌ಪಿಎಸ್ ಪೆಟ್ರೋಲಿಯಂನಿಂದ ಬರುವ ಪ್ಲಾಸ್ಟಿಕ್. ಹಸಿರು ಮನೆಗೆ ಪ್ಲಾಸ್ಟಿಕ್ಕೇ ಅಂತ ನಿಮಗೆ ಅನಿಸಬಹುದು. ನನ್ನ ಲೆಕ್ಕದಲ್ಲಿ, ದಶಕಗಟ್ಟಲೆ ಎಸಿ ತಪ್ಪಿಸುವ ಎರಡು ಇಂಚಿನ ಪದರ ಅಷ್ಟು ಬೆಲೆಗೆ ತಕ್ಕದ್ದು. ಬೇಡವೆಂದರೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿಯನ್ನು ನಾಲ್ಕು ಇಂಚು ಹಾಸಿ ಬಡಿಯುವ ಹಳೆಯ ಪದ್ಧತಿ ಇದೆ. ಅದು ಭಾರ, ಫಲವೂ ಎಕ್ಸ್‌ಪಿಎಸ್‌ನಷ್ಟಿಲ್ಲ. ಎಂಜಿನಿಯರ್ ಆ ಭಾರವನ್ನು ಲೆಕ್ಕಕ್ಕೆ ತಗೊಂಡೇ ಸ್ಲ್ಯಾಬ್ ವಿನ್ಯಾಸ ಮಾಡಬೇಕು. ಮುಂದೆ ಮೇಲೆ ರೂಮು ಬರುವ ಭಾಗಕ್ಕೆ ಮಾತ್ರ ಈಗಲೇ ಇದಕ್ಕೆ ಖರ್ಚು ಮಾಡಬೇಡಿ. ಅಲ್ಲಿ ಸದ್ಯಕ್ಕೆ ಬಿಳಿ ಸುಣ್ಣ ಸಾಕು.

ಬಿಳಿ ಬಣ್ಣವನ್ನು ಹಗುರವಾಗಿ ಕಾಣಬೇಡಿ. ಬಂದ ಬಿಸಿಲಿನ ಬಹುಪಾಲನ್ನು ಅದು ಹಿಂದಕ್ಕೆ ಕಳಿಸುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ಆದರೆ ನಿಮ್ಮ ಕಡೆ ದೂಳು ಜಾಸ್ತಿ. ವರ್ಷದೊಳಗೆ ಬಿಳಿ ಹೋಗಿ ಕಂದು ಆಗುತ್ತದೆ. ಪ್ರತಿ ಫೆಬ್ರವರಿಯಲ್ಲಿ ಚಾವಣಿ ತೊಳೆದು ಸುಣ್ಣ ಬಳಿಯುವುದು ರೂಢಿಯಾಗಬೇಕು. ಅದಕ್ಕೆ ಒಪ್ಪುವುದಾದರೆ ಮಾತ್ರ ಇದನ್ನು ನಂಬಿಕೊಳ್ಳಿ.

ಎರಡನೆಯದು ಪಶ್ಚಿಮ. ಸಂಜೆಯ ಸೂರ್ಯ ಕೆಳಗಿಳಿದು ನೇರ ಕಿಟಕಿಯೊಳಗೆ ಇಣುಕುತ್ತಾನೆ. ಎರಡಡಿ ಸಜ್ಜಾ ದಕ್ಷಿಣದ ಕಿಟಕಿಗೆ ಸಾಕು, ಪಶ್ಚಿಮಕ್ಕೆ ಏನೂ ಪ್ರಯೋಜನವಿಲ್ಲ. ನಿಮ್ಮ ರಸ್ತೆಯೂ ಅದೇ ಕಡೆ ಇರುವುದರಿಂದ ಮುಂಭಾಗಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟು "ಎಲಿವೇಷನ್" ಚೆಂದ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಆ ಕಡೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ ಬರಲಿ. ಉಳಿದ ಜಾಗಕ್ಕೆ ಆರೇಳು ಅಡಿ ಆಳದ ಪಡಸಾಲೆ, ಅದರ ಮುಂದೆ ಸುಟ್ಟ ಮಣ್ಣಿನ ತೂತು ಬಿಲ್ಲೆಗಳ ಜಾಲಿ. ಅಪ್ಪ ಅಮ್ಮ ಮಲಗುವ ಕೋಣೆ ಪೂರ್ವಕ್ಕಿರಲಿ. ಜಾಲಿ ಯಾಕೆಂದರೆ, ಮೇ ಕೊನೆಯಿಂದ ನಿಮ್ಮ ಊರಿಗೆ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಬಿಸಿಲನ್ನು ತಡೆದು ಗಾಳಿಯನ್ನು ಬಿಡಬೇಕು. ಗಟ್ಟಿ ಗೋಡೆ ಎಬ್ಬಿಸಿದರೆ ಎರಡೂ ನಿಲ್ಲುತ್ತವೆ.

ಮರ ಹಾಕಬಹುದಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಹೊಂಗೆ, ಬೇವು ಎರಡೂ ಸುಡು ಬೇಸಿಗೆಯಲ್ಲಿ ಹೊಸ ಎಲೆ ತಳೆದು ನಿಲ್ಲುತ್ತವೆ. ಅವುಗಳಿಗಿಂತ ಒಳ್ಳೆಯ ನೆರಳಿಲ್ಲ. ಆದರೆ ನಿಮ್ಮದು ಎರೆಮಣ್ಣು. ದೊಡ್ಡ ಮರದ ಬೇರು ಪಾಯದ ಹತ್ತಿರದ ತೇವ ಹೀರಿದರೆ ಮಣ್ಣು ಕುಗ್ಗಿ ಗೋಡೆ ಬಿರಿಯುತ್ತದೆ. ಮರವನ್ನು ರಸ್ತೆಯ ಅಂಚಿಗೆ, ಮನೆಯಿಂದ ಆದಷ್ಟು ದೂರ ಹಾಕಿ. ಮನೆಗೆ ಹತ್ತಿರ ಬಳ್ಳಿಯ ಚಪ್ಪರ ಸಾಕು.

ಈಗ ಗೋಡೆ. ಯು-ವ್ಯಾಲ್ಯೂ ಮಾತ್ರ ನೋಡಿದರೆ ನಿಮ್ಮ ಎಂಜಿನಿಯರ್ ಹೇಳುವುದು ಸರಿ. 8 ಇಂಚಿನ ಎಎಸಿ ಗೋಡೆಯದು ಸುಮಾರು 0.75. 9 ಇಂಚಿನ ಸುಟ್ಟ ಇಟ್ಟಿಗೆಯದು 2ರ ಹತ್ತಿರ, ಮಣ್ಣಿನ ಬ್ಲಾಕಿನದು ಅದಕ್ಕಿಂತ ತುಸು ಹೆಚ್ಚೇ. 6 ಇಂಚಿನ ಗಟ್ಟಿ ಕಾಂಕ್ರೀಟ್ ಬ್ಲಾಕಿನದು 3ರ ಸುತ್ತ. ಈಗ ಊರೂರಲ್ಲಿ ಕಟ್ಟುತ್ತಿರುವುದು ಈ ಕೊನೆಯದನ್ನು. ನಾಲ್ಕರಲ್ಲಿ ಬಿಸಿಲಿಗೆ ಅತಿ ಕೆಟ್ಟದ್ದು ಅದೇ. ಬೇರೇನೂ ನೆನಪಿಡದಿದ್ದರೂ ಅದನ್ನು ಬಿಡಿ.

ಆದರೆ ಯು-ವ್ಯಾಲ್ಯೂ ಪೂರ್ತಿ ಕತೆ ಹೇಳುವುದಿಲ್ಲ. ಭಾರದ ಗೋಡೆ ಹಗಲಿನ ಶಾಖವನ್ನು ಹಿಡಿದಿಟ್ಟು ಆರೇಳು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ನಿಮ್ಮ ಊರಲ್ಲಿ ಹಗಲಿಗೂ ರಾತ್ರಿಗೂ 14-15 ಡಿಗ್ರಿ ವ್ಯತ್ಯಾಸ ಇರುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟು ಗೋಡೆಯನ್ನು ತಣ್ಣಗೆ ಮಾಡಿ, ಬೆಳಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಆ ತಂಪು ಮಧ್ಯಾಹ್ನದವರೆಗೆ ಉಳಿಯುತ್ತದೆ. ಎಎಸಿ ಹಗುರ. ಹೊರಗಿನ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ರಾತ್ರಿಯ ತಂಪನ್ನು ಅಷ್ಟಾಗಿ ಕೂಡಿಡುವುದಿಲ್ಲ. ಎಸಿ ಹಾಕುವ ಮನೆಗೆ ಎಎಸಿಯೇ ಒಳ್ಳೆಯದು ಅಂತ ನಾನೂ ಹೇಳುತ್ತೇನೆ. ಎಸಿ ಬೇಡ ಅನ್ನುವ, ಪಶ್ಚಿಮಕ್ಕೆ ನೆರಳು ಮಾಡಿಕೊಂಡ ನಿಮ್ಮ ಮನೆಗೆ 9 ಇಂಚಿನ ಭಾರದ ಗೋಡೆ ಹೊಂದುತ್ತದೆ. ನೆರಳಿಲ್ಲದಿದ್ದರೆ ಅದೇ ಭಾರದ ಗೋಡೆ ರಾತ್ರಿಯೆಲ್ಲ ಒಲೆಯ ಹಾಗೆ ಕಾಯುತ್ತದೆ. ಅದಕ್ಕೇ ನೆರಳನ್ನು ಗೋಡೆಗಿಂತ ಮೊದಲು ಇಟ್ಟೆ.

ಎಎಸಿಗೆ ಇನ್ನೂ ಎರಡು ಷರತ್ತುಗಳಿವೆ. ಅದಕ್ಕೆ ಕಂಬ-ತೊಲೆಯ ಆರ್‌ಸಿಸಿ ಚೌಕಟ್ಟು ಬೇಕು, ಅಂದರೆ ಕಬ್ಬಿಣ, ಸಿಮೆಂಟು ಜಾಸ್ತಿ. ಕಟ್ಟುವ ಗೌಂಡಿಗೆ ತೆಳು ಅಂಟಿನ ಕೆಲಸ ಬರಬೇಕು. ಮಾಮೂಲಿ ಗಾರೆಯಲ್ಲಿ ದಪ್ಪ ಸಂದಿ ಬಿಟ್ಟು ಕಟ್ಟಿದರೆ, ಕಂಬ ಸೇರುವಲ್ಲಿ ಜಾಲರಿ ಹಾಕದಿದ್ದರೆ ಗಿಲಾವು ಬಿರುಕು ಬಿಡುತ್ತದೆ. ಆಮೇಲೆ ಬ್ಲಾಕನ್ನೇ ಬೈಯುತ್ತಾರೆ.

ಮಣ್ಣಿನ ಬ್ಲಾಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಗೌಂಡಿಯ ಭಯ ಹಸಿ ಮಣ್ಣಿನ ಇಟ್ಟಿಗೆಯ ಅನುಭವದಿಂದ ಬಂದದ್ದು. ಈಗ ನಾವು ಹೇಳುವುದು ನೂರಕ್ಕೆ ಸುಮಾರು 7-8 ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಬ್ಲಾಕ್. ಸುಡುವ ಕೆಲಸವಿಲ್ಲ, ಮೂರು ವಾರ ನೀರು ಹಾಯಿಸಿ ಹದ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದಕ್ಕೆ ಐಎಸ್ 1725 ಅಂತ ಭಾರತೀಯ ಮಾನಕವೂ ಇದೆ. ಹದವಾಗಿ ಮಾಡಿದ ಬ್ಲಾಕ್ ಮಳೆಗೆ ಕರಗುವುದಿಲ್ಲ. ಗೆದ್ದಲು ಬ್ಲಾಕನ್ನು ತಿನ್ನುವುದಿಲ್ಲ. ಗೋಡೆ ಹತ್ತಿ ಬಾಗಿಲು-ಕಿಟಕಿಯ ಕಟ್ಟಿಗೆಗೆ ಹೋಗುತ್ತದೆ, ಅದು ಯಾವ ಮನೆಗೂ ಇರುವ ಕಾಟ. ನೆಲಗಟ್ಟು ಎರಡಡಿ ಎತ್ತರ ಇರಲಿ, ಪಾಯದ ಹಂತದಲ್ಲೇ ಗೆದ್ದಲಿನ ಔಷಧಿ ಹೊಡೆಸಿ.

ನಿಮ್ಮ ವಿಷಯದಲ್ಲಿ ನಿಜವಾದ ಅಡ್ಡಿ ಬೇರೆ. ನಿಮ್ಮ ಸೈಟಿನ ಎರೆಮಣ್ಣಿನಿಂದ ಈ ಬ್ಲಾಕ್ ಮಾಡಲಾಗುವುದಿಲ್ಲ. ಅದರಲ್ಲಿ ಉಬ್ಬುವ ಜೇಡಿ ಜಾಸ್ತಿ, ಒಣಗಿದಾಗ ಸೀಳುತ್ತದೆ. ಮಸಾರಿ (ಕೆಂಪು) ಮಣ್ಣು ಬೇಕು. ಅದೂ ಮೇಲಿನ ಫಲವತ್ತಾದ ಪದರ ಬೇಡ, ಅಡಿಯದು. ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನುಣ್ಣನೆಯ ಪದರಗಳು ಬೇರೆಯಾಗಿ ಕಾಣುತ್ತವೆ. ಮರಳು ಮೂರನೇ ಎರಡು ಭಾಗ ಇದ್ದರೆ ಭರವಸೆ ಇಡಬಹುದು. ಕಡಿಮೆ ಇದ್ದರೆ ಎಂ-ಸ್ಯಾಂಡ್ ಬೆರೆಸಬೇಕು. ಇದು ಬರಿ ಮೊದಲ ಜರಡಿ. ಆಮೇಲೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮಣ್ಣನ್ನೂ ಮಾದರಿ ಬ್ಲಾಕನ್ನೂ ಪರೀಕ್ಷೆ ಮಾಡಿಸಲೇಬೇಕು. ಬ್ಲಾಕನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಆಮೇಲೆ ಒಡೆದ ಬಲವನ್ನೇ ಕೇಳಿ. ಒಣ ಬ್ಲಾಕಿನ ಅಂಕಿ ನಂಬಬೇಡಿ.

ಒಳ್ಳೆ ಮಸಾರಿ ಹತ್ತಿರ ಸಿಕ್ಕರೆ, ಬ್ಲಾಕ್ ಒತ್ತಲು ಬಲ್ಲ ತಂಡ ಸಿಕ್ಕರೆ, ನೀವು ಅಥವಾ ನಂಬಿಕೆಯ ಒಬ್ಬರು ದಿನವೂ ಸ್ಥಳದಲ್ಲಿ ಇರುವುದಾದರೆ, ಮಣ್ಣಿನ ಬ್ಲಾಕ್ ಮಾಡಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಮಣ್ಣಿನ ಹದ ನೋಡಲು ಆಗುವುದಿಲ್ಲ.

ನಿಮ್ಮ ಪರಿಸ್ಥಿತಿಗೆ ನಾನು ಆರಿಸುವುದು ಹಾರುಬೂದಿ ಇಟ್ಟಿಗೆ. ಶಕ್ತಿನಗರದ, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ ನಿಮ್ಮ ಸೀಮೆಯಲ್ಲೇ ಇದೆ. ಒಂದು ಕಡೆ ಗುಡ್ಡೆ ಬಿದ್ದಿರುವ ಬೂದಿ ಖರ್ಚಾಗುತ್ತದೆ, ಇಟ್ಟಿಗೆ ಸುಡಲು ಸೌದೆ-ಕಲ್ಲಿದ್ದಲು ಬೇಕಿಲ್ಲ. ಗುಣಮಟ್ಟ ಮಾತ್ರ ಘಟಕದಿಂದ ಘಟಕಕ್ಕೆ ಬಹಳ ಬದಲಾಗುತ್ತದೆ. ನಾಲ್ಕಡಿಯಿಂದ ಬೀಳಿಸಿದರೆ ಒಡೆಯುವ, ಉಗುರಿನಲ್ಲಿ ಗೀರಿದರೆ ಪುಡಿ ಉದುರುವ ಇಟ್ಟಿಗೆ ವಾಪಸ್ ಕಳಿಸಿ. ಒಂದು ದಿನ ನೆನೆಸಿದಾಗ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೀರು ಕುಡಿದರೂ ಬೇಡ.

ಇದೇ ಇಟ್ಟಿಗೆಯನ್ನು ರ‍್ಯಾಟ್-ಟ್ರ್ಯಾಪ್ ರೀತಿಯಲ್ಲಿ ಕಟ್ಟಬಹುದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದ ವಿಧಾನ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. 9 ಇಂಚಿನ ಗೋಡೆಯ ನಡುವೆ ಮೂರು ಇಂಚಿನ ಟೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಗಾಳಿಯ ಪದರದಿಂದ ಶಾಖವೂ ಸ್ವಲ್ಪ ಕಡಿಮೆ. ಮೂಲೆ, ಬಾಗಿಲು-ಕಿಟಕಿಯ ಪಕ್ಕ, ಲಿಂಟಲ್ ಕೆಳಗೆ ಗಟ್ಟಿಯಾಗಿ ಕಟ್ಟಬೇಕು. ವೈರಿಂಗ್ ಪೈಪ್ ಎಲ್ಲಿ ಅಂತ ಮೊದಲೇ ತೀರ್ಮಾನವಾಗಬೇಕು. ಆಮೇಲೆ ಗೋಡೆ ಕೊರೆದರೆ ಟೊಳ್ಳಿಗೆ ತೂತು ಬೀಳುತ್ತದೆ. ನಿಮ್ಮ ಗೌಂಡಿಗೆ ಇದು ಹೊಸದಾದರೆ ಮೊದಲು ಕಾಂಪೌಂಡ್ ಗೋಡೆ ಹೀಗೆ ಕಟ್ಟಿಸಿ ನೋಡಿ.

ಪಾಯದಲ್ಲಿ ಮಾತ್ರ ಉಳಿತಾಯ ಬೇಡ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನಾಲ್ಕೈದು ಅಡಿಯೊಳಗೆ ಗರಸು ಸಿಕ್ಕರೆ ಎರೆ ಪೂರ್ತಿ ತೆಗೆದು ಗರಸಿನ ಮೇಲೆ ಸೈಜುಗಲ್ಲಿನ ಪಾಯ ಹಾಕಿ, ಅಕ್ಕಪಕ್ಕ ಗರಸು ತುಂಬಿ. ಆಳವಾಗಿದ್ದರೆ ಬುಡದಲ್ಲಿ ಉಬ್ಬಿರುವ ಅಂಡರ್-ರೀಮ್ಡ್ ಪೈಲ್ ಬೇಕಾಗಬಹುದು. ಪಾಯ ಯಾವುದೇ ಆಗಲಿ, ನೆಲಗಟ್ಟಿನ ಮಟ್ಟದಲ್ಲೂ ಲಿಂಟಲ್ ಮಟ್ಟದಲ್ಲೂ ಸುತ್ತ ಆರ್‌ಸಿಸಿ ಪಟ್ಟಿ ಕಡ್ಡಾಯ. ಬಿರುಕು ಬಿಟ್ಟ ಹಸಿರು ಮನೆಯನ್ನು ಮತ್ತೆ ಕಟ್ಟುವುದಕ್ಕಿಂತ ದೊಡ್ಡ ದಂಡ ಪರಿಸರಕ್ಕೂ ಇಲ್ಲ, ನಿಮಗೂ ಇಲ್ಲ.

ಸಿಮೆಂಟ್ ಬಗ್ಗೆ ಒಂದು ಮಾತು. "ಸ್ಲ್ಯಾಬಿಗೆ ಒಪಿಸಿ 53 ಗ್ರೇಡೇ ಬೇಕು" (ಅಂದರೆ ಏನೂ ಬೆರೆಸದ ಸಿಮೆಂಟೇ ಬೇಕು) ಅನ್ನುವುದು ಹಳೆಯ ನಂಬಿಕೆ. ಸ್ಲ್ಯಾಗ್ (ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟ್ ಅಥವಾ ಹಾರುಬೂದಿ ಬೆರೆಸಿದ ಪಿಪಿಸಿ ಮನೆಗೆ ಧಾರಾಳ ಸಾಕು. ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಸ್ಲ್ಯಾಗ್ ನಿಮಗೆ ಹತ್ತಿರದ್ದೇ. ಇವು ಬಲ ಪಡೆಯುವುದು ನಿಧಾನ. ಐಎಸ್ 456ರ ಪ್ರಕಾರ ಒಣ ಬಿಸಿಲಿನಲ್ಲಿ ಇಂಥ ಸಿಮೆಂಟಿಗೆ 14 ದಿನ ನೀರು ಹಾಯಿಸಬೇಕು. ಏಳನೇ ದಿನಕ್ಕೆ ನೀರು ನಿಲ್ಲಿಸುವ ಗೌಂಡಿಯನ್ನು ಒಪ್ಪಿಸಬೇಕಾದವರು ನೀವೇ. ನೆಲಕ್ಕೆ ಗುಜರಾತಿನಿಂದ ಲಾರಿಯಲ್ಲಿ ಬರುವ ಟೈಲ್ಸಿಗಿಂತ ಶಹಾಬಾದ್ ಕಲ್ಲು ಅಗ್ಗ, ಕಾಲಿಗೂ ತಂಪು.

ಸೋಲಾರ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಸೋಲಾರ್ ಕರೆಂಟ್ ಕೊಡುತ್ತದೆ, ಮನೆಯನ್ನು ತಣ್ಣಗೆ ಮಾಡುವುದಿಲ್ಲ. ಮೊದಲು ಬೇಡಿಕೆ ಇಳಿಸಿ. ಮಾಮೂಲಿ ಫ್ಯಾನ್ 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30-35ರಲ್ಲಿ ಮುಗಿಸುತ್ತದೆ. ನೀರು ಕಾಯಿಸಲು ಸೋಲಾರ್ ಹೀಟರ್ ಖಂಡಿತ ಇರಲಿ. ಕರೆಂಟಿನ ಪ್ಯಾನಲ್‌ಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಅಪ್ಪ ಅಮ್ಮ ಇಬ್ಬರೇ, ಎಸಿ ಇಲ್ಲ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳಲ್ಲೇ ಬಿಲ್ ಮುಗಿದರೆ ಪ್ಯಾನಲಿಗೆ ಹಾಕಿದ ಹಣ ಬೇಗ ವಾಪಸ್ ಬರುವುದಿಲ್ಲ. ಒಂದು ವರ್ಷ ಬಿಲ್ ನೋಡಿ ತೀರ್ಮಾನಿಸಿ. ಆ ಹಣ ಈಗ ಚಾವಣಿಗೆ ಹೋಗಲಿ. ಮುಂದೆ ಹಾಕುವುದಾದರೆ ಎಂಟಡಿ ಎತ್ತರದ ಚೌಕಟ್ಟಿನ ಮೇಲೆ ಹಾಕಿಸಿ. ಸ್ಲ್ಯಾಬಿಗೆ ನೆರಳಾಗುತ್ತದೆ, ಸಂಜೆ ಕೂರಲು ಚಪ್ಪರವೂ ಆಗುತ್ತದೆ. ಅದಕ್ಕೆ ಬೇಕಾದ ಪೈಪು, ಕಂಬ ನಿಲ್ಲಿಸುವ ಜಾಗಗಳನ್ನು ಸ್ಲ್ಯಾಬ್ ಹಾಕುವಾಗಲೇ ಬಿಡಿಸಿ.

ಕಿಟಕಿಗಳ ತೆರೆಯುವ ಜಾಗ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಇರಲಿ. ಪ್ರತಿ ಕಿಟಕಿಗೂ ಸೊಳ್ಳೆ ಜಾಲರಿ, ಗಟ್ಟಿ ಸರಳು ಹಾಕಿಸಿ. ರಾತ್ರಿ ಕಿಟಕಿ ತೆರೆದಿಡಲು ಅಪ್ಪ ಅಮ್ಮನಿಗೆ ಧೈರ್ಯ ಬರದಿದ್ದರೆ ಮೇಲೆ ಹೇಳಿದ ಭಾರದ ಗೋಡೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಆಗ ಎಎಸಿಯೇ ಮೇಲು. ಹಾಗಾಗಿ ಇಟ್ಟಿಗೆ ಬುಕ್ ಮಾಡುವ ಮೊದಲು ಈ ಒಂದು ಪ್ರಶ್ನೆಯನ್ನು ಅವರಿಬ್ಬರಿಗೂ ಕೇಳಿ: ಬೇಸಿಗೆ ರಾತ್ರಿ ಕಿಟಕಿ ತೆರೆದಿಟ್ಟು ಮಲಗುತ್ತೀರಾ? ಅವರ ಉತ್ತರ ಸಿಕ್ಕ ಮೇಲೆ, ಸೈಟಿನಲ್ಲಿ ಆರಡಿ ಗುಂಡಿ ತೋಡಿಸಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆ ಅಂತ ನೋಡಿ. ಆ ಎರಡು ವಿಷಯ ತಿಳಿಸಿ ಬರೆದರೆ ಗೋಡೆ, ಪಾಯ ಎರಡಕ್ಕೂ ಖಚಿತವಾಗಿ ಹೇಳುತ್ತೇನೆ.